ದಾವಣಗೆರೆಯಲ್ಲಿ ಮಳೆಗಾಲಕ್ಕೆ ದುರ್ಬೀನು ಕಪಾಟಿಗೆ ಇಡಬೇಕಾ?

ಹೊಸದುರ್ಬೀನು:

ಎಲ್ಲರಿಗೂ ನಮಸ್ಕಾರ. ಹಕ್ಕಿ ನೋಡುವುದಕ್ಕೆ ನಾನು ಹೊಸಬ. ಮನೆ ವಿದ್ಯಾನಗರದಲ್ಲಿ, ಕೆಲಸ ಬ್ಯಾಂಕಿನಲ್ಲಿ, ಹಾಗಾಗಿ ಸಿಗುವ ಹೊತ್ತು ಅಂದರೆ ಬೆಳಗಿನ ವಾಕಿಂಗ್ ಮತ್ತು ಭಾನುವಾರ. ಕಳೆದ ಚಳಿಗಾಲದಲ್ಲಿ ಒಂದು 8×42 ದುರ್ಬೀನು ತೆಗೆದುಕೊಂಡೆ. ಆಗ ಕುಂದವಾಡ ಕೆರೆ ಏರಿ ಮೇಲೆ ಸುಮ್ನೆ ನಡೆದರೆ ಸಾಕಿತ್ತು, ನಾಮದ ಕೋಳಿ, ವರಟೆ, ನೀರುಕಾಗೆ, ಕರೆಂಟ್ ತಂತಿ ಮೇಲೆ ಸಾಲಾಗಿ ಕೂತ ಕವಲುತೋಕೆಗಳು, ಏನಾದರೂ ಸಿಗುತ್ತಿತ್ತು. ಕೊಂಡಜ್ಜಿ ಕೆರೆಗೆ ಹೋದಾಗಲಂತೂ ಒಂದನ್ನು ಗುರುತಿಸುವಷ್ಟರಲ್ಲಿ ಇನ್ನೊಂದು ಹಾರಿಹೋಗುತ್ತಿತ್ತು. ಮಗಳು ನಾಲ್ಕನೇ ಕ್ಲಾಸು, ಅವಳಿಗೂ ಹುಚ್ಚು ಹಿಡಿದು ಒಂದು ನೋಟ್‌ಬುಕ್ಕೇ ಮಾಡಿಕೊಂಡಿದ್ದಾಳೆ.

ಏಪ್ರಿಲ್ ಬಂತು, ವಲಸೆ ಬಾತುಗಳು ಹೊರಟುಹೋದವು. ಅದು ಗೊತ್ತಿದ್ದದ್ದೇ. ಈಗ ಆಗಸ್ಟ್. ಕೆರೆ ಅಂಚಿನವರೆಗೆ ತುಂಬಿದೆ, ನೋಡಲು ಚೆಂದ, ಹಕ್ಕಿ ಮಾತ್ರ ಇಲ್ಲ. ದೂರದಲ್ಲಿ ಎರಡು ಗುಳುಮುಳುಕ ಬಿಟ್ಟರೆ ಖಾಲಿ ನೀರು. ನೀರು ಕಡಿಮೆ ಇದ್ದಾಗ ಅಷ್ಟೊಂದು ನೀರುಹಕ್ಕಿ, ತುಂಬಿದಾಗ ಏನೂ ಇಲ್ಲ. ಇದು ಉಲ್ಟಾ ಆಗಬೇಕಿತ್ತು ಅಲ್ವಾ?

ಮಗಳ ನೋಟ್‌ಬುಕ್ಕಿನಲ್ಲಿ ಜೂನ್ ಆದಮೇಲೆ ಹಾಳೆಗಳು ಖಾಲಿ ಬಿದ್ದಿವೆ. ಮಳೆಗಾಲದಲ್ಲಿ ಇಲ್ಲಿ ನೋಡುವಂಥದ್ದು ಏನಾದರೂ ಇದೆಯಾ, ಅಥವಾ ನವೆಂಬರ್ ತನಕ ದುರ್ಬೀನು ಕಪಾಟಿಗೆ ಇಟ್ಟುಬಿಡಲಾ? ಬೈಕಿನಲ್ಲಿ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರುವಂತಿದ್ದರೆ ಒಳ್ಳೆಯದು. ಇನ್ನೊಂದು, ಮರ್ಲಿನ್ ಆ್ಯಪ್ ಕೂಗು ಕೇಳಿ ಹೆಸರು ಹೇಳುತ್ತದಲ್ಲ, ಅದನ್ನು ಎಷ್ಟು ನಂಬಬಹುದು?

ನಾಲೆಪಕ್ಕದವ:

ಸಾರ್, ಮೊದಲು ಕೆರೆ ಮಧ್ಯ ನೋಡುವುದನ್ನು ಬಿಡಿ.

ನಮ್ಮದು ಮಲೇಬೆನ್ನೂರು ಕಡೆ ಗದ್ದೆ. ನಾನು ಹಕ್ಕಿ ನೋಡಲು ಎಲ್ಲಿಗೂ ಹೋಗುವುದಿಲ್ಲ, ನಾಟಿ ಹೊತ್ತಿಗೆ ಅವೇ ಬರುತ್ತವೆ. ನೀವು ಉಲ್ಟಾ ಅಂದಿರಲ್ಲ, ಅದು ಸರಿಯಾಗಿಯೇ ಇದೆ. ನೀರುಹಕ್ಕಿಗಳಲ್ಲಿ ಹೆಚ್ಚಿನವಕ್ಕೆ ಬೇಕಾದದ್ದು ತೆಳ್ಳನೆ ನೀರು. ಗದ್ದೆಗೊರವ ಇದೆಯಲ್ಲ, ಅದರ ಕಾಲು ಎಷ್ಟುದ್ದ? ನಾಲ್ಕು ಬೆರಳು ನೀರು ದಾಟಿದರೆ ಅದಕ್ಕೆ ಅಲ್ಲಿ ಕೆಲಸವಿಲ್ಲ. ಮೆಟ್ಟುಗಾಲು ಹಕ್ಕಿ ಇನ್ನೂ ಸ್ವಲ್ಪ ಆಳಕ್ಕೆ ಇಳಿಯುತ್ತದೆ. ಸೂಜಿಬಾಲದ ಬಾತು, ಬಿಳಿಹುಬ್ಬಿನ ಬಾತು ಇವೆಲ್ಲ ತಲೆ ಕೆಳಗೆ ಬಾಲ ಮೇಲೆ ಮಾಡಿ ತಳದ ಬೀಜ, ಹುಳ, ಎಳೆ ಗಿಡ ತಿನ್ನುವ ಜಾತಿ. ಕತ್ತು ನಿಲುಕುವಷ್ಟು ಆಳ ಇದ್ದರೆ ಮಾತ್ರ ಅವಕ್ಕೆ ಊಟ. ಪೂರ್ತಿ ಮುಳುಗಿ ಮೀನು ಹಿಡಿಯುವ ನೀರುಕಾಗೆ, ಗುಳುಮುಳುಕಕ್ಕೆ ಆಳದ ನೀರು ಆಗಿಬರುತ್ತದೆ, ನಿಮಗೆ ಈಗ ಕಂಡದ್ದೂ ಅದೇ ತಾನೇ. ಕುಂದವಾಡ ಕೆರೆ ಊರಿಗೆ ಕುಡಿಯುವ ನೀರು ಕೊಡುವ ಕೆರೆ, ನಾಲೆ ನೀರು ಬಿಟ್ಟು ತುಂಬಿಸಿಡುತ್ತಾರೆ. ಅಂಚಿನಲ್ಲಿ ಕೆಸರು, ಜೊಂಡು ಉಳಿದಷ್ಟು ದಿನ ಹಕ್ಕಿ. ಏರಿಗೆ ಕಲ್ಲು ಕಟ್ಟಿ ನೇರ ಮಾಡಿದರೆ ನಡೆಯುವವರಿಗೆ ಒಳ್ಳೆಯದು, ಗೊರವಕ್ಕೆ ನಿಲ್ಲಲು ಜಾಗವಿಲ್ಲ.

ನನ್ನ ಪ್ರಕಾರ ದಾವಣಗೆರೆ ಸುತ್ತ ಹಕ್ಕಿ ನೋಡುವವರು ತಿಂಗಳ ಕ್ಯಾಲೆಂಡರ್ ನೋಡಬಾರದು, ಭದ್ರಾ ನಾಲೆ ನೋಡಬೇಕು. ನೀರು ಯಾವಾಗ ಬಿಡುತ್ತಾರೆ, ಯಾವಾಗ ನಿಲ್ಲಿಸುತ್ತಾರೆ ಅನ್ನುವುದು ಪೇಪರಿನಲ್ಲೇ ಬರುತ್ತದೆ. ಮಳೆಗಾಲದ ಬೆಳೆಗೆ ನೀರು ಬಿಟ್ಟ ಕೂಡಲೇ ಟ್ರ್ಯಾಕ್ಟರ್‌ಗಳು ಗದ್ದೆಗೆ ಇಳಿಯುತ್ತವೆ. ಕೆಸರು ಹೊಡೆಯುವ ಆ ದಿನಗಳೇ ಹಬ್ಬ. ಟ್ರ್ಯಾಕ್ಟರ್ ಹಿಂದೆ ಗೋವಕ್ಕಿ, ಬೆಳ್ಳಕ್ಕಿ, ಕೆಂಬರಲು, ಮೇಲೆ ಗರುಡ, ಹದ್ದು, ಬದುವಿನ ಮೇಲೆ ಕಾಜಾಣ. ಮಣ್ಣು ಮಗುಚಿದಾಗ ಹೊರಬರುವ ಏಡಿ, ಕಪ್ಪೆ, ಎರೆಹುಳ ಎಲ್ಲಕ್ಕೂ ಗಿರಾಕಿ ಇರುತ್ತವೆ. ಬಾಯಿಕಳಕ ಕೊಕ್ಕರೆ ಬಂದರೆ ಬಸವನಹುಳು ಹುಡುಕುತ್ತಾ ನಿಧಾನಕ್ಕೆ ಓಡಾಡುತ್ತದೆ, ಅದರ ಕೊಕ್ಕು ಮುಚ್ಚಿದರೂ ನಡುವೆ ಸಂದಿ ಉಳಿಯುವುದನ್ನು ಮಗಳಿಗೆ ದುರ್ಬೀನಿನಲ್ಲಿ ತೋರಿಸಿ. ನಾಟಿ ಆದಮೇಲೆ ಪೈರು ಮೇಲೆದ್ದು ಒತ್ತಾಗುವ ತನಕ ಗದ್ದೆಯಲ್ಲಿ ಹಕ್ಕಿ ಇರುತ್ತದೆ. ಒತ್ತಾದ ಮೇಲೆ ಕಾಣುವುದು ಕಷ್ಟ, ಇಲ್ಲ ಅಂತಲ್ಲ. ಕೊಯ್ಲಿನ ಹೊತ್ತಿಗೆ ರಾಟವಾಳ, ಗೀಜಗ ಹಿಂಡು ಹಿಂಡಾಗಿ ಬೀಳುತ್ತವೆ, ಆ ವಿಷಯದಲ್ಲಿ ನನಗೆ ಪ್ರೀತಿ ಸ್ವಲ್ಪ ಕಡಿಮೆ. ಆಮೇಲೆ ಬೇಸಿಗೆ ಬೆಳೆಗೆ ನೀರು ಬಿಟ್ಟಾಗ ಮತ್ತೆ ಇದೇ ಕಥೆ. ಆ ಸಲ ಚಳಿಗಾಲದ ವಲಸೆ ಹಕ್ಕಿಗಳೂ ಇನ್ನೂ ಇರುತ್ತವೆ, ಹಾಗಾಗಿ ಜನವರಿ ಫೆಬ್ರವರಿಯ ಕೆಸರು ಗದ್ದೆ ಯಾವ ಕೆರೆಗೂ ಕಡಿಮೆ ಇಲ್ಲ.

ನೀರು ಸಿಗದ ವರ್ಷ ಇದೆಲ್ಲ ಏರುಪೇರು. 2023ರಲ್ಲಿ ಮಳೆ ಕೈಕೊಟ್ಟು ನಾಲೆ ನೀರಿಗೆ ಎಷ್ಟು ಗಲಾಟೆ ಆಯಿತು, ನೆನಪಿದೆಯಲ್ಲ.

ಇನ್ನೊಂದು ಮಾತು, ಕೇಳದಿದ್ದರೂ ಹೇಳುತ್ತೇನೆ. ಚನ್ನಗಿರಿ ಕಡೆಯಿಂದ ಶುರುವಾಗಿ ನಮ್ಮಲ್ಲೂ ಗದ್ದೆ ಇದ್ದ ಕಡೆ ಅಡಿಕೆ ಬರುತ್ತಿದೆ. ಯಾರನ್ನೂ ಬೈಯುವ ಹಾಗಿಲ್ಲ, ಭತ್ತದ ರೇಟು ಎಲ್ಲರಿಗೂ ಗೊತ್ತು. ಆದರೆ ಅಡಿಕೆ ತೋಟದಲ್ಲಿ ಗೊರವಕ್ಕೆ ಏನೂ ಇಲ್ಲ. ಗದ್ದೆ ಇರುವಾಗಲೇ ನೋಡಿಕೊಳ್ಳಿ.

ದುರ್ಗದಬಂಡೆ:

ಅಣ್ಣ ಹೇಳಿದ್ದು ನಾಲೆ ಇರುವ ಅರ್ಧ ಜಿಲ್ಲೆಗೆ ಸರಿ. ಜಗಳೂರು ದಾಟಿ ನಮ್ಮ ಚಿತ್ರದುರ್ಗ, ಚಳ್ಳಕೆರೆ ಕಡೆ ಬನ್ನಿ, ಇಲ್ಲಿ ನಾಲೆಯೂ ಇಲ್ಲ ಗದ್ದೆಯೂ ಇಲ್ಲ, ಮಳೆ ಬಂದರೆ ಬಂತು. ಇಲ್ಲಿನ ಹಕ್ಕಿಗಳ ಲೆಕ್ಕವೇ ಬೇರೆ. ನೀರುಹಕ್ಕಿ ಇಲ್ಲದಿದ್ದರೆ ಹಕ್ಕಿಯೇ ಇಲ್ಲ ಅನ್ನುವ ಹಾಗೆ ಮಾತಾಡಬೇಡಿ ಮಾರಾಯ್ರೇ.

ಮಳೆಗಾಲಕ್ಕೆ ಜೋಗಿಮಟ್ಟಿಗೆ ಬನ್ನಿ. ಬೆಳಿಗ್ಗೆ ಮಂಜು ಇರುತ್ತದೆ, ಗಾಳಿ ಜೋರು, ದುರ್ಬೀನಿನ ಗಾಜು ಒರೆಸಿ ಒರೆಸಿ ಸಾಕಾಗುತ್ತದೆ. ಆದರೂ ಬನ್ನಿ. ಬೆಟ್ಟದ ಬುಡದ ಆಡುಮಲ್ಲೇಶ್ವರ ಸುತ್ತಮುತ್ತ ಕಲ್ಲು, ಕುರುಚಲು ಇರುವ ಕಡೆ ಹಳದಿ ಕೊರಳಿನ ಪಿಕಳಾರ ಇದೆ. ಇದು ದಕ್ಷಿಣ ಭಾರತದ ಬಂಡೆಗುಡ್ಡಗಳಲ್ಲಿ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ, ಅಪಾಯದಲ್ಲಿರುವ ಹಕ್ಕಿಗಳ ಪಟ್ಟಿಯಲ್ಲೂ ಇದೆ. ಇದನ್ನು ನೋಡಲೆಂದೇ ಜನ ದೂರದಿಂದ ಬರುತ್ತಾರೆ, ನಮ್ಮೂರಲ್ಲಿ ಕೇಳಿದರೆ ಹತ್ತರಲ್ಲಿ ಒಬ್ಬರಿಗೂ ಗೊತ್ತಿಲ್ಲ. ಮನೆ ಹತ್ತಿರ ಕಾಣುವ ಕೆಂಪು ಬಾಲಬುಡದ ಪಿಕಳಾರದ ಥರ ಎದುರಿಗೆ ಬಂದು ಕೂರುವುದಿಲ್ಲ, ಪೊದೆಯಿಂದ ಪೊದೆಗೆ ಹಾರಿ ಒಳಗೆ ಸೇರಿಕೊಳ್ಳುತ್ತದೆ. ಮೊದಲು ಕೂಗು ಕಲಿಯಿರಿ, ಆಮೇಲೆ ಹಕ್ಕಿ ತಾನಾಗಿ ಸಿಗುತ್ತದೆ. ಅರಣ್ಯ ಇಲಾಖೆಯ ಗೇಟಿನಲ್ಲಿ ಕೇಳಿಕೊಂಡೇ ಹೋಗಿ, ಈಗ ಅದು ವನ್ಯಧಾಮ.

ಚಾತಕ ಗೊತ್ತಲ್ಲ? ಕಪ್ಪು ಬಿಳುಪು, ತಲೆ ಮೇಲೆ ಜುಟ್ಟು. ಮಳೆ ಮಾರುತದ ಜೊತೆ ಆಫ್ರಿಕಾದಿಂದ ಬರುವವು ಕೆಲವು, ದಕ್ಷಿಣದಲ್ಲೇ ವರ್ಷವಿಡೀ ಇರುವವು ಕೆಲವು. ಮಳೆಗಾಲದಲ್ಲಿ ಕುರುಚಲು ಕಾಡಿನ ಅಂಚಿನಲ್ಲಿ ಕೂಗುತ್ತಾ ಒಂದನ್ನೊಂದು ಅಟ್ಟಿಸಿಕೊಂಡು ಹೋಗುತ್ತವೆ. ಅದರ ಕಣ್ಣು ಹರಟೆಮಲ್ಲನ ಗೂಡಿನ ಮೇಲೆ. ಮೊಟ್ಟೆ ಅಲ್ಲಿಟ್ಟು ಕೈತೊಳೆದುಕೊಳ್ಳುತ್ತದೆ, ಸಾಕುವುದು ಹರಟೆಮಲ್ಲಗಳ ಕರ್ಮ.

ಬೇಸಿಗೆ ಕೂಡ ಇಲ್ಲಿ ಖಾಲಿ ಅಲ್ಲ. ಏಪ್ರಿಲ್ ಮೇನಲ್ಲಿ ಎಲ್ಲ ಹೊಂಡ ಒಣಗಿ ಒಂದೆರಡು ಗುಂಡಿಯಲ್ಲಿ ಮಾತ್ರ ನೀರು ಉಳಿದಿರುತ್ತದಲ್ಲ, ಅಂಥ ಕಡೆ ದೂರದಲ್ಲಿ ಮರದ ನೆರಳಲ್ಲಿ ಅಲ್ಲಾಡದೆ ಕೂತುಕೊಳ್ಳಿ. ಬಿಸಿಲು ಸ್ವಲ್ಪ ಏರಿದ ಮೇಲೆ ಗೌಜಲಹಕ್ಕಿಗಳು, ಅಂದರೆ ಸ್ಯಾಂಡ್‌ಗ್ರೌಸ್, ಗುಂಪಾಗಿ ನೀರಿಗೆ ಇಳಿಯುತ್ತವೆ. ಗಂಡು ಹಕ್ಕಿ ಹೊಟ್ಟೆಯ ಗರಿಯನ್ನು ನೀರಲ್ಲಿ ಅದ್ದಿಕೊಂಡು ಹೋಗಿ ಮರಿಗಳಿಗೆ ಕುಡಿಸುತ್ತದೆ. ನನಗೆ ಇದಕ್ಕಿಂತ ದೊಡ್ಡ ವಿಷಯ ಯಾವ ಬಾತಿನಲ್ಲೂ ಕಂಡಿಲ್ಲ. ಬೆಳೆ ಇಲ್ಲದ ಬಯಲಿನಲ್ಲಿ ನೆಲಗುಬ್ಬಿ ಗಂಡು ಮೇಲೆ ಹಾರಿ ಕಲ್ಲು ಬಿದ್ದ ಹಾಗೆ ಕೆಳಗೆ ಬಂದು ನೆಲ ಮುಟ್ಟುವ ಮುಂಚೆ ಮತ್ತೆ ಮೇಲೇಳುತ್ತದೆ, ಅದನ್ನು ನೋಡುತ್ತಾ ಕೂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ.

ಚಳಿಗಾಲಕ್ಕೆ ಕೋಟೆ. ಪ್ರವಾಸಿಗರು ಬರುವ ಮುಂಚೆ, ಬಾಗಿಲು ತೆಗೆದ ಕೂಡಲೇ ಒಳಗೆ ಹೋಗಿ. ಬಂಡೆ ತುದಿಯಲ್ಲಿ ಬ್ಲೂ ರಾಕ್ ಥ್ರಷ್ ಒಂಟಿಯಾಗಿ ಕೂತಿರುತ್ತದೆ. ಬಂಡೆಗಳ ಸಂದಿಯಲ್ಲಿ ಕೊಂಬಿನ ಗೂಬೆ ಇರುವ ಜಾಗಗಳೂ ಈ ಸುತ್ತ ಇವೆ. ಎಲ್ಲಿ ಅಂತ ಇಲ್ಲಿ ಬರೆಯುವುದಿಲ್ಲ, ಕೇಳಬೇಡಿ. ಅದಕ್ಕೆ ಚಳಿಗಾಲವೇ ಮರಿ ಮಾಡುವ ಕಾಲ.

ಚಳ್ಳಕೆರೆ ಕಡೆಯ ಕಾವಲುಗಳ ಬಗ್ಗೆ ಹೇಳಲು ತುಂಬಾ ಇದೆ. ಅಮೃತಮಹಲ್ ದನಗಳಿಗೆಂದು ಬಿಟ್ಟ ಹುಲ್ಲುಗಾವಲಿನ ದೊಡ್ಡ ಪಾಲು ಈಗ ಬೇಲಿಯೊಳಗೆ ಹೋಗಿದೆ. ಉಳಿದ ಹುಲ್ಲಿನಲ್ಲಿ ಚಳಿಗಾಲಕ್ಕೆ ಸೆಳೆವ ಅನ್ನುವ ಬೇಟೆಹಕ್ಕಿಗಳು ಬರುತ್ತವೆ, ಮಧ್ಯ ಏಷ್ಯಾ ಕಡೆಯಿಂದ. ಇಡೀ ದಿನ ನೆಲದ ಹತ್ತಿರ ತೇಲಿಕೊಂಡು ಮಿಡತೆ, ಇಲಿ ಹುಡುಕುತ್ತವೆ, ರಾತ್ರಿ ಗುಂಪಾಗಿ ಹುಲ್ಲಿನ ನೆಲದ ಮೇಲೇ ಮಲಗುತ್ತವೆ. ‘ಪಾಳು ಬಿದ್ದ ಜಾಗ’ ಅಂತ ಹುಲ್ಲಿಗೆ ಗಿಡ ನೆಡಲು ಹೊರಡುವವರು ಇದನ್ನು ಒಮ್ಮೆ ನೋಡಬೇಕು.

ಹೊಸದುರ್ಬೀನು:

ಇಬ್ಬರಿಗೂ ಥ್ಯಾಂಕ್ಸ್. ಇಷ್ಟೊಂದು ಇದೆ ಅಂತ ಅಂದುಕೊಂಡಿರಲಿಲ್ಲ. ನಿನ್ನೆ ಸಂಜೆ ಬಾತಿ ಕಡೆ ಹೋಗುವಾಗ ರಸ್ತೆ ಪಕ್ಕದ ಈಚಲು ಮರದಲ್ಲಿ ಗೂಡುಗಳು ಕಂಡವು, ತಲೆ ಮೇಲೆ ಹಳದಿ ಟೋಪಿ ಇಟ್ಟ ಗುಬ್ಬಿ ಗಾತ್ರದ ಹಕ್ಕಿಗಳು ಹುಲ್ಲು ಸೀಳಿ ತರುತ್ತಿದ್ದವು. ಗೀಜಗ ಅಂತ ಮಗಳೇ ಹೇಳಿದಳು. ಆದರೆ ಅವಳ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ: ಚಳಿಗಾಲದಲ್ಲಿ ಇದೇ ದಾರಿಯಲ್ಲಿ ಹೋಗಿದ್ದೆವಲ್ಲ, ಆಗ ಹಳದಿ ಹಕ್ಕಿ ಯಾಕೆ ಒಂದೂ ಇರಲಿಲ್ಲ? ಮತ್ತೆ ಕೆಲವು ಗೂಡು ಅರ್ಧಕ್ಕೇ ಬಿಟ್ಟಿವೆ, ಅದೂ ಯಾಕೆ?

ನಿವೃತ್ತಟೀಚರ್:

ನಿಮ್ಮ ಮಗಳು ಕೇಳಿದ್ದು ಒಳ್ಳೆಯ ಪ್ರಶ್ನೆ, ಅವಳಿಗೆ ನನ್ನ ಶಹಬ್ಬಾಸ್ ಹೇಳಿ. ನಾನು ಜೀವಶಾಸ್ತ್ರ ಹೇಳಿಕೊಟ್ಟವಳು, ಸ್ವಲ್ಪ ಉದ್ದ ಆದರೆ ಬೇಜಾರು ಮಾಡಿಕೊಳ್ಳಬೇಡಿ.

ಹಳದಿ ಹಕ್ಕಿಗಳು ಚಳಿಗಾಲದಲ್ಲೂ ಅಲ್ಲೇ ಇದ್ದವು. ಗೀಜಗದ ಗಂಡಿಗೆ ಹಳದಿ ತಲೆ ಬರುವುದು ಗೂಡು ಕಟ್ಟುವ ಕಾಲದಲ್ಲಿ ಮಾತ್ರ. ಮಳೆಗಾಲ ಮುಗಿದ ಮೇಲೆ ಗರಿ ಬದಲಾಗಿ ಹೆಣ್ಣಿನ ಹಾಗೆ ಕಂದು ಬಣ್ಣಕ್ಕೆ ಬರುತ್ತದೆ, ಆಗ ಗುಬ್ಬಿ ಅಂದುಕೊಂಡು ಎಲ್ಲರೂ ದಾಟಿ ಹೋಗುತ್ತೇವೆ. ಅರ್ಧ ಗೂಡಿನ ವಿಷಯ ಹೀಗೆ. ಕಟ್ಟುವುದು ಗಂಡು. ಅರ್ಧ ಆದಮೇಲೆ ಹೆಣ್ಣು ಬಂದು ನೋಡುತ್ತದೆ. ಒಪ್ಪಿದರೆ ಗಂಡು ಕೆಳಗಿನ ಉದ್ದ ಕೊಳವೆ ಸೇರಿಸಿ ಪೂರ್ತಿ ಮಾಡುತ್ತದೆ, ಒಪ್ಪದಿದ್ದರೆ ಆ ಗೂಡು ಅಲ್ಲಿಗೇ ನಿಂತಿತು, ಗಂಡು ಇನ್ನೊಂದು ಶುರು ಮಾಡುತ್ತದೆ. ಹೆಣ್ಣು ಮೊಟ್ಟೆ ಇಟ್ಟು ಕೂತ ಮೇಲೂ ಗಂಡು ಪಕ್ಕದಲ್ಲಿ ಬೇರೊಂದು ಗೂಡು ಕಟ್ಟಿ ಮತ್ತೊಂದು ಹೆಣ್ಣಿಗೆ ತೋರಿಸುತ್ತಿರುತ್ತದೆ. ನಾಲ್ಕನೇ ಕ್ಲಾಸಿನವಳಿಗೆ ಎಷ್ಟು ಹೇಳಬೇಕು ಅನ್ನುವುದು ನಿಮಗೆ ಬಿಟ್ಟದ್ದು.

ಮಳೆಗಾಲದಲ್ಲಿ ಹಕ್ಕಿ ಇಲ್ಲ ಅನ್ನಿಸುವುದಕ್ಕೆ ಮುಖ್ಯ ಕಾರಣ, ನಾವು ಹೊರಗಿನಿಂದ ಬರುವ ಹಕ್ಕಿಗಳನ್ನೇ ಲೆಕ್ಕ ಹಿಡಿಯುವುದು. ಊರ ಹಕ್ಕಿಗಳು ಸಂಸಾರ ಮಾಡುವುದು ಈಗ. ಮರಿಗೆ ಹುಳ ಬೇಕು, ಹುಳ ಸಿಗುವುದು ಮಳೆ ಬಿದ್ದು ಹಸಿರಾದಾಗ. ಚಳಿಗಾಲದಲ್ಲಿ ನೋಡಿದ ಹಕ್ಕಿಯನ್ನೇ ಈಗ ಮತ್ತೆ ನೋಡಿ. ಗೋವಕ್ಕಿಯ ತಲೆ, ಕತ್ತಿಗೆ ಕಿತ್ತಳೆ ಬಣ್ಣ ಬಂದಿರುತ್ತದೆ. ಕೊಳಬಕದ ಬೆನ್ನು ಕಂದುಗೆಂಪು ಆಗಿರುತ್ತದೆ. ಬಾಲದ ದೇವನಕ್ಕಿಗೆ ಆ ಉದ್ದ ಬಾಲ ಇರುವುದೇ ಈ ಕಾಲದಲ್ಲಿ, ಚಳಿಗಾಲದಲ್ಲಿ ಉದುರಿ ಹೋಗುತ್ತದೆ. ತಾವರೆ, ನೀರುಗಿಡ ಮುಚ್ಚಿದ ಸಣ್ಣ ಹಳ್ಳಿ ಕೆರೆಗಳಲ್ಲಿ ಹುಡುಕಿ, ದೊಡ್ಡ ಕೆರೆಯಲ್ಲಲ್ಲ. ಆ ಜಾತಿಯಲ್ಲಿ ಮೊಟ್ಟೆಗೆ ಕಾವು ಕೊಟ್ಟು ಮರಿ ನೋಡಿಕೊಳ್ಳುವುದು ಗಂಡು, ಹೆಣ್ಣು ಒಂದು ಕಡೆ ಮೊಟ್ಟೆ ಇಟ್ಟು ಮತ್ತೊಂದು ಗಂಡಿನ ಹತ್ತಿರ ಹೋಗುತ್ತದೆ. ಗೀಜಗಕ್ಕೆ ಪೂರ್ತಿ ಉಲ್ಟಾ.

ಮನೆ ಬಿಟ್ಟು ಎಲ್ಲೂ ಹೋಗದೆಯೂ ಒಂದು ನೋಡಬಹುದು. ಕಾಗೆಯ ಹಿಂದೆ ಬಾಯಿ ತೆರೆದುಕೊಂಡು ಅಲೆಯುವ ಕಪ್ಪು ಮರಿ ಕಂಡರೆ ಸರಿಯಾಗಿ ನೋಡಿ. ಅದು ಕೋಗಿಲೆ ಮರಿ ಆಗಿರಬಹುದು. ಕೋಗಿಲೆ ಕೂಗು ಯುಗಾದಿಗೆ ಶುರುವಾಗುತ್ತದೆ, ಎಲ್ಲರೂ ಅದನ್ನೇ ಹೊಗಳುತ್ತಾರೆ, ಅದರ ಫಲ ಈಗ ಕಾಗೆ ತಲೆ ಮೇಲೆ ಬಿದ್ದಿರುತ್ತದೆ.

ಮರ್ಲಿನ್ ಬಗ್ಗೆ: ಸಹಾಯಕ್ಕೆ ಇಟ್ಟುಕೊಳ್ಳಿ. ಅದು ಹೇಳಿದ ಹೆಸರನ್ನು ಹಕ್ಕಿ ಕಣ್ಣಿಗೆ ಬೀಳದೆ ನೋಟ್‌ಬುಕ್ಕಿಗೆ ಬರೆಯಬೇಡಿ. ಕಾಜಾಣ ಬೇರೆ ಹಕ್ಕಿಗಳ ಕೂಗನ್ನು ಅನುಕರಿಸುತ್ತದೆ, ಆಗ ಆ್ಯಪ್ ತಡಬಡಾಯಿಸುತ್ತದೆ. ನಮ್ಮ ಪ್ರದೇಶದ ಪ್ಯಾಕ್ ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡು ಹೋದರೆ ನೆಟ್‌ವರ್ಕ್ ಇಲ್ಲದ ಕಡೆಯೂ ನಡೆಯುತ್ತದೆ. ನೋಡಿದ್ದನ್ನು ಈಬರ್ಡ್‌ಗೆ, ಅಂದರೆ ಹಕ್ಕಿ ಪಟ್ಟಿ ದಾಖಲಿಸುವ ವೆಬ್‌ಸೈಟಿಗೆ, ಹಾಕಿ. ನಮ್ಮ ಊರಿನ ಮಳೆಗಾಲದ ಪಟ್ಟಿಗಳು ಚಳಿಗಾಲದಷ್ಟು ಇರುವುದಿಲ್ಲ, ಎಲ್ಲರೂ ನಿಮ್ಮ ಹಾಗೆ ದುರ್ಬೀನು ಒಳಗಿಡುವವರೇ. ಹತ್ತು ಗುಬ್ಬಿ, ನಾಲ್ಕು ಕಾಗೆ ಅಂತ ಹಾಕಿದರೂ ಅದು ಕೆಲಸಕ್ಕೆ ಬರುವ ದಾಖಲೆ. ಫೆಬ್ರವರಿಯಲ್ಲಿ ಪ್ರಪಂಚದ ಎಲ್ಲೆಡೆ ನಾಲ್ಕು ದಿನ ಹಿತ್ತಲ ಹಕ್ಕಿ ಎಣಿಕೆ ನಡೆಯುತ್ತದೆ, ಮಗಳನ್ನು ಅದಕ್ಕೆ ಸೇರಿಸಿ.

ಗೂಡಿನ ಹತ್ತಿರ ಮಾತ್ರ ಹೋಗಬೇಡಿ. ಟಿಟ್ಟಿಭ ತಲೆ ಮೇಲೆ ಸುತ್ತುತ್ತಾ ಕಿರುಚುತ್ತಿದ್ದರೆ ನಿಮ್ಮ ಕಾಲ ಹತ್ತಿರವೇ ಎಲ್ಲೋ ಅದರ ಮೊಟ್ಟೆ ಇದೆ ಅಂತ ಅರ್ಥ. ಅದು ಬರೀ ನೆಲದ ಮೇಲೆ ಇಡುತ್ತದೆ, ಜಲ್ಲಿಕಲ್ಲಿಗೂ ಮೊಟ್ಟೆಗೂ ವ್ಯತ್ಯಾಸ ಕಾಣುವುದಿಲ್ಲ. ಬಂದ ದಾರಿಯಲ್ಲೇ ನಿಧಾನಕ್ಕೆ ವಾಪಸ್ ಹೆಜ್ಜೆ ಹಾಕಿ.

ಲೆನ್ಸ್‌ಪ್ರಿಯ:

ಇಷ್ಟೆಲ್ಲ ಯಾಕೆ ಗುರುಗಳೇ. ಮೊಬೈಲ್‌ನಲ್ಲಿ ಹಕ್ಕಿ ಕೂಗು ಹಾಕಿ, ಐದು ನಿಮಿಷದಲ್ಲಿ ಎದುರಿಗೆ ಬಂದು ಕೂರುತ್ತದೆ. ಹಳದಿ ಕೊರಳಿನ ಪಿಕಳಾರಕ್ಕೂ ಅದೇ ಔಷಧಿ. ಫೋಟೋನೂ ಸಿಗುತ್ತದೆ.

ದುರ್ಗದಬಂಡೆ:

ಬರುತ್ತದೆ, ಯಾಕೆ ಬರುತ್ತದೆ ಅಂತ ಯೋಚನೆ ಮಾಡಿದ್ದೀರಾ? ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿದೆ ಅಂತ ಜಗಳಕ್ಕೆ ಬರುತ್ತದೆ. ಮರಿಗೆ ಹುಳ ತರುವ ಹೊತ್ತು ನಿಮ್ಮ ಸ್ಪೀಕರ್ ಜೊತೆ ಕಾದಾಡುವುದರಲ್ಲಿ ಹೋಗುತ್ತದೆ. ವಾರಕ್ಕೆ ನಾಲ್ಕು ಗಾಡಿ ಬಂದು ಅದೇ ಪೊದೆ ಹತ್ತಿರ ಅದೇ ಕೂಗು ಹಾಕಿದರೆ ಏನಾಗಬಹುದು? ಅದಕ್ಕೇ ಜಾಗ ಹೇಳಲು ನಮಗೆ ಮನಸ್ಸು ಬರುವುದಿಲ್ಲ. ಈ ವಿಷಯಕ್ಕೆ ನನ್ನ ಹತ್ತಿರ ನಯವಾದ ಮಾತಿಲ್ಲ, ಕ್ಷಮಿಸಿ.

ಲೆನ್ಸ್‌ಪ್ರಿಯ:

ಸರಿ ಸರಿ, ಬೈಯಬೇಡಿ. ಪಟ್ಟೆತಲೆ ಹೆಬ್ಬಾತಿನ ಫೋಟೋ ಬೇಕಿತ್ತು, ಅದಕ್ಕೇನೂ ಕೂಗು ಹಾಕುವುದಿಲ್ಲ. ಸೂಳೆಕೆರೆಗೆ ಬರುತ್ತವಾ?

ನಾಲೆಪಕ್ಕದವ:

ಸೂಳೆಕೆರೆ ಸಮುದ್ರ ಇದ್ದ ಹಾಗಿದೆ ಸಾರ್, ಒಂದು ದಡದಲ್ಲಿ ನಿಂತರೆ ಇನ್ನೊಂದು ದಡದ ಹಕ್ಕಿ ದುರ್ಬೀನಿಗೂ ಚುಕ್ಕೆ. ಅಲ್ಲಿ ಹುಡುಕಿಕೊಂಡು ಕೂರುವ ಬದಲು ಡಿಸೆಂಬರ್ ಜನವರಿಯಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಿ. ಹೆಬ್ಬಾತುಗಳು ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಅಲ್ಲಿಗೆ ಬರುತ್ತವೆ. ಹಗಲು ಕೆರೆಯಲ್ಲಿ ವಿಶ್ರಾಂತಿ, ಸಂಜೆಯಾದರೆ ಸುತ್ತಲ ಹೊಲಗಳಿಗೆ ಮೇಯಲು. ಇನ್ನೊಂದು, ಹಗರಿಬೊಮ್ಮನಹಳ್ಳಿ ಹತ್ತಿರದ ಅಂಕಸಮುದ್ರ. ನೀರಿನೊಳಗೆ ನಿಂತ ಜಾಲಿ ಮರಗಳ ಮೇಲೆ ಬಣ್ಣದ ಕೊಕ್ಕರೆ ಗೂಡು ಕಟ್ಟುತ್ತವೆ. ಎರಡಕ್ಕೂ ರಾಮ್‌ಸಾರ್ ಪಟ್ಟ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅನ್ನುವ ಮಾನ್ಯತೆ, ಸಿಕ್ಕಿದೆ ಅಂತ 2024ರಲ್ಲಿ ಘೋಷಣೆ ಆಯಿತು. ಹೆಬ್ಬಾತು ಹಾರುವ ಫೋಟೋ ಬೇಕು ಅಂತ ಕಲ್ಲು ಎಸೆಯುವವರನ್ನು ನೋಡಿದ್ದೇನೆ. ನೀವು ಆ ಪೈಕಿ ಅಲ್ಲ ಅಂದುಕೊಂಡಿದ್ದೇನೆ.

ನಿವೃತ್ತಟೀಚರ್:

ನೀರು ತುಂಬಿದರೆ ಹಕ್ಕಿ ಕಡಿಮೆ ಅನ್ನುವ ಮಾತಿಗೆ ಒಂದು ಸೇರಿಸುತ್ತೇನೆ. 2022ರಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿತ್ತು, 1933ರ ನಂತರ ಅದೇ ಮೊದಲು, ಜನ ಜಾತ್ರೆಗೆ ಹೋದ ಹಾಗೆ ಹೋದರು. ಹಕ್ಕಿ ನೋಡಬೇಕೆಂದರೆ ಅಂಥ ವರ್ಷ ಅಣೆಕಟ್ಟಿನ ಹತ್ತಿರ ನಿಂತು ಉಪಯೋಗವಿಲ್ಲ, ಹಿನ್ನೀರಿನ ತುದಿಗೆ, ಹೊಲಕ್ಕೆ ನೀರು ನುಗ್ಗಿ ತೆಳ್ಳಗೆ ಹರಡಿದ ಜಾಗಕ್ಕೆ ಹೋಗಬೇಕು. ಕೊಂಡಜ್ಜಿಯಲ್ಲೂ ಅಷ್ಟೇ. ಏರಿ ಮೇಲೆ ನಿಲ್ಲಬೇಡಿ, ಕೆರೆಗೆ ನೀರು ಬರುವ ತುದಿ ಹುಡುಕಿ.

ಮತ್ತೆ ನವೆಂಬರ್ ತನಕ ಕಾಯಬೇಕಾಗಿಯೂ ಇಲ್ಲ. ಗದ್ದೆಗೊರವದ ಜಾತಿಯಲ್ಲಿ ಕೆಲವು ಆಗಸ್ಟ್‌ನಲ್ಲೇ ಇಲ್ಲಿಗೆ ಬಂದು ಇಳಿದಿರುತ್ತವೆ. ಉತ್ತರದಲ್ಲಿ ಬೇಸಿಗೆ ಬಹಳ ಚಿಕ್ಕದು, ಮರಿ ಮಾಡುವ ಕೆಲಸ ಮುಗಿದ ಕೂಡಲೇ ದೊಡ್ಡವು ಹೊರಟುಬಿಡುತ್ತವೆ. ಬಾತುಗಳಲ್ಲಿ ಬಿಳಿಹುಬ್ಬಿನದು ಮೊದಲು ಬರುವ ಪೈಕಿ. ಆಮೇಲೆ ಕುಂಡೆಕುಸ್ಕ, ಕವಲುತೋಕೆ. ದಸರಾ ದೀಪಾವಳಿ ಹೊತ್ತಿಗೆ ನವರಂಗ ಹಕ್ಕಿ ದಾರಿಯಲ್ಲಿ ಒಂದೆರಡು ದಿನ ತಂಗುತ್ತದೆ, ಒಮ್ಮೊಮ್ಮೆ ಮನೆ ಹಿತ್ತಲಿನಲ್ಲೇ ಸುಸ್ತಾಗಿ ಕೂತಿರುತ್ತದೆ, ಆಗ ಬೆಕ್ಕನ್ನು ಒಳಗೆ ಹಾಕಿ. ಗುಲಾಬಿ ಕಬ್ಬಕ್ಕಿಯ ಹಿಂಡು ಜೋಳದ ಹೊಲದ ಮೇಲೆ ಬರುತ್ತದೆ, ಮುತ್ತುಗ, ಬೂರುಗ ಹೂ ಬಿಟ್ಟಾಗ ಮರ ಬಿಡುವುದೇ ಇಲ್ಲ, ಏಪ್ರಿಲ್‌ಗೆ ಹೊರಡುತ್ತದೆ. ನಿಮ್ಮ ಖಾಲಿ ತಿಂಗಳು ಯಾವುದು ಅಂತ ಈಗ ನೀವೇ ಹುಡುಕಿ.

ಹೊಸದುರ್ಬೀನು:

ಮೇಡಂ, ಮಗಳಿಗೆ ಓದಿ ಹೇಳಿದೆ. ಗೀಜಗದ ಹೆಣ್ಣು ಗೂಡು ಬೇಡ ಅನ್ನುವ ವಿಷಯ ಅವಳಿಗೆ ತುಂಬಾ ಹಿಡಿಸಿತು. ಜೋಗಿಮಟ್ಟಿ ಒಂದು ರಜೆ ನೋಡಿಕೊಂಡು. ಈ ಭಾನುವಾರ ಗದ್ದೆ ಕಡೆ ಬರೋಣ ಅಂತ. ನಾಲೆಪಕ್ಕದ ಅಣ್ಣ, ನಾಟಿ ಇನ್ನೂ ನಡೆಯುತ್ತಿದೆಯಾ? ಎಷ್ಟೊತ್ತಿಗೆ ಬರಬೇಕು? ಯಾರದೋ ಗದ್ದೆಗೆ ದುರ್ಬೀನು ಹಿಡಿದು ಹೋದರೆ ಏನಾದರೂ ಅನ್ನುತ್ತಾರಾ?

ನಾಲೆಪಕ್ಕದವ:

ನಡೆಯುತ್ತಿದೆ ಸಾರ್, ನಾಲೆಯ ಕೊನೆ ಭಾಗಕ್ಕೆ ನೀರು ತಡವಾಗಿ ಮುಟ್ಟುತ್ತದೆ, ಅಲ್ಲಿನವರು ಈಗ ಕೆಸರು ಹೊಡೆಯುತ್ತಿದ್ದಾರೆ. ಏಳು ಗಂಟೆಗೆ ಬನ್ನಿ, ಟ್ರ್ಯಾಕ್ಟರ್ ಇಳಿಯುವುದೂ ಅದೇ ಹೊತ್ತಿಗೆ. ಯಾರೂ ಏನೂ ಅನ್ನುವುದಿಲ್ಲ, ಸರ್ವೆಗೆ ಬಂದಿದ್ದೀರಾ ಅಂತ ಒಂದು ಸಲ ಕೇಳುತ್ತಾರೆ, ಹಕ್ಕಿ ನೋಡಲು ಅಂದರೆ ನಗುತ್ತಾರೆ. ನಾಟಿ ಮಾಡಿದ ಗದ್ದೆಯೊಳಗೆ ಕಾಲಿಡಬೇಡಿ, ಬದುವಿನ ಮೇಲೆ ನಡೆಯಿರಿ, ಬದು ಜಾರುತ್ತದೆ, ಶೂ ಬೇಡ, ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಬಂದರೆ ಒಳ್ಳೆಯದು. ಮಗಳಿಗೆ ಬದಲಿ ಬಟ್ಟೆ ಒಂದು ಜೊತೆ ತನ್ನಿ. ಮಲೇಬೆನ್ನೂರು ಬಸ್‌ ಸ್ಟ್ಯಾಂಡ್ ಹತ್ತಿರ ಬಂದು ಇಲ್ಲೇ ಮೆಸೇಜ್ ಹಾಕಿ, ಅಲ್ಲಿಂದ ನಾನು ಕರೆದುಕೊಂಡು ಹೋಗುತ್ತೇನೆ.